ಹಾಳೆಗೆ ಹೊಂದಿಸಿದ ಬಚ್ಚಲ ಬಾಗಿಲು

ನಕ್ಷೆ ಮುದ್ರಿಸುವ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ, ಯಾರೂ ಕರೆಯದಿದ್ದರೂ ತಾವೇ ಟಿಕ್ ಹಾಕಿಕೊಂಡು ವಿರಾಜಮಾನರಾಗಿರುವ ‘ಫಿಟ್ ಟು ಪೇಪರ್’, ಅರ್ಥಾತ್ ‘ಹಾಳೆಗೆ ಹೊಂದಿಸು’ ಎಂಬ ಆಯ್ಕೆಯವರ ಸನ್ನಿಧಿಗೆ, ನಕ್ಷೆ ಬರೆದೇ ಹೊಟ್ಟೆ ಹೊರೆಯುವವನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಮ್ಮ ಬಚ್ಚಲ ಬಾಗಿಲೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ಸೊಂಟ ಮುರಿದು ಗಾಲಿಕುರ್ಚಿ ಹಿಡಿದಿರುವ ನನ್ನ ತಾಯಿಯವರಿಗೆ ಇರುವುದು ಒಂದೇ ಆಸೆ: ಮಗನಾಗಲಿ ಸೊಸೆಯಾಗಲಿ ಎತ್ತಿಕೊಂಡು ಹೋಗದೆ, ತಾವೇ ಗಾಲಿ ತಿರುಗಿಸಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಕಂಡವರ ಮನೆಗಳಿಗೆಲ್ಲ ನಕ್ಷೆ ಬರೆದ ನಾನು ಅಮ್ಮನಿಗಾಗಿ ತೊಂಬತ್ತು ಸೆಂಟಿಮೀಟರ್ ಅಗಲದ ಬಾಗಿಲು ಬರೆದೆ. ಹಾಳೆಯ ಗಾತ್ರ ಎ-ಟೂ ಎಂದು ನಿಗದಿಮಾಡಿ, ಮೂಲೆಯಲ್ಲಿ ‘ಸ್ಕೇಲು ಒಂದಕ್ಕೆ ಇಪ್ಪತ್ತು’ ಎಂದು ದಪ್ಪಕ್ಷರದಲ್ಲಿ ನಮೂದಿಸಿ, ಮುದ್ರಿಸಲು ಕೊಟ್ಟೆ.

ಪ್ರಿಂಟರಿನಲ್ಲಿದ್ದದ್ದು ವಿಸ್ತೀರ್ಣದಲ್ಲಿ ಅದರ ಅರ್ಧದಷ್ಟಿರುವ ಎ-ತ್ರೀ ಹಾಳೆ. ಬುದ್ಧಿಯಿಲ್ಲದ ಬೇರೆ ಯಂತ್ರವಾಗಿದ್ದರೆ ‘ಹಾಳೆ ಸಾಲದು’ ಎಂದು ಬೊಬ್ಬೆ ಹೊಡೆಯುತ್ತಿತ್ತು. ತಾವು ಸಭ್ಯರು, ತುಟಿ ಪಿಟಕ್ಕೆನ್ನದೆ ಇಡೀ ನಕ್ಷೆಯ ಉದ್ದಗಲಗಳನ್ನು ಸುಮಾರು ಹತ್ತಕ್ಕೆ ಏಳರಷ್ಟಕ್ಕೆ ಕುಗ್ಗಿಸಿ, ‘ಒಂದಕ್ಕೆ ಇಪ್ಪತ್ತು’ ಎಂಬ ಮಾತನ್ನು ಮಾತ್ರ ಹಾಗೆಯೇ ಉಳಿಸಿದಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಾಸಿಗೆ ಇದ್ದಷ್ಟಕ್ಕೆ ಕಾಲು ಕತ್ತರಿಸು ಎಂದು ಅರ್ಥೈಸಿದ ವಿದ್ವಾಂಸರು ತಾವೊಬ್ಬರೇ.

ಅಂಕಿಗಳು ಇರುವೆಗಳಂತಾಗಿ ಓದಲಾಗದ್ದರಿಂದ ನಮ್ಮ ಬಡಗಿ ಹಾಳೆಯ ಮೇಲೆಯೇ ಅಳತೆಪಟ್ಟಿ ಇಟ್ಟು, ಇಪ್ಪತ್ತರಿಂದ ಗುಣಿಸಿ, ಅರವತ್ತನಾಲ್ಕು ಸೆಂಟಿಮೀಟರಿನ ಚೌಕಟ್ಟನ್ನು ಸಿಮೆಂಟಿನಲ್ಲಿ ಭದ್ರವಾಗಿ ಕೂರಿಸಿದರು. ಕುರ್ಚಿಯ ಅಗಲ ಅರವತ್ತಾರು. ಕೇಳಿದ್ದಕ್ಕೆ, “ಪೇಪರಲ್ಲಿ ಇದ್ದ ಹಾಗೇ ಕೂರಿಸಿದೀನಿ ಸಾರ್, ಬೇಕಾದ್ರೆ ನೀವೇ ಪಟ್ಟಿ ಇಟ್ಟು ನೋಡಿ” ಎಂದರು. ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆದಕಾರಣ ತಾವು ಖುದ್ದಾಗಿ ದಯಮಾಡಿಸಿ ಗಾಲಿಕುರ್ಚಿಯನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಿಕೊಡಬೇಕೆಂದೂ, ಕುಗ್ಗಿದ ಕುರ್ಚಿಯಲ್ಲಿ ಅಮ್ಮ ಹಿಡಿಸಲಾರರಾದ್ದರಿಂದ ಅವರನ್ನೂ ಕುಗ್ಗಿಸಬೇಕೆಂದೂ, ಅವರ ಗಂಟಲನ್ನು ಮಾತ್ರ ಮೂಲ ಗಾತ್ರದಲ್ಲೇ ಬಿಟ್ಟು ತಮ್ಮನ್ನು ಬೈಯಲು ಅನುಕೂಲ ಮಾಡಿಕೊಡಬೇಕೆಂದೂ ಪ್ರಾರ್ಥಿಸುತ್ತೇನೆ.

ಆದರೆ ಅವರು ಬೈಯಲಿಲ್ಲ. ಹೊಸ ಚೌಕಟ್ಟಿಗೆ ಗಾಲಿ ತಾಗಿ ಕುರ್ಚಿ ನಿಂತಾಗ, “ಬಾಗಿಲು ಸರಿಯಾಗೇ ಇದೆ ಬಿಡೋ, ನಾನೇ ಸ್ವಲ್ಪ ಅಗಲ ಆಗ್ಬಿಟ್ಟೆ” ಎಂದು ಎಂದಿನಂತೆ ನನ್ನ ಕೊರಳಿಗೆ ಕೈ ಹಾಕಿದರು. ಎತ್ತಿಕೊಂಡೆ. ಆಗ ತಮ್ಮ ಮೇಲೆ ಬಂದ ಸಿಟ್ಟಿಗೆ ಯಾವ ಗಾತ್ರದ ಹಾಳೆಯೂ ಸಾಲದು.

ನಾಳೆ ಗೋಡೆ ಒಡೆಸಲಿರುವ,
ತಮ್ಮ ವಿಶ್ವಾಸಿ,
ಒಬ್ಬ ನಕ್ಷೆಗಾರ

ವಿ.ಸೂ.: ಈ ಪತ್ರವೂ ತಮ್ಮ ಕೈ ದಾಟಿಯೇ ಮುದ್ರಣವಾಗಬೇಕಾದ್ದರಿಂದ ಬೈಗುಳಗಳು ತುಸು ಕುಗ್ಗಿ ತಲುಪಬಹುದು. ದಯವಿಟ್ಟು ಮೂಲ ಗಾತ್ರದಲ್ಲೇ ಓದಿಕೊಳ್ಳುವುದು.