ಬ್ಯಾಟರಿಗೆ ಸೋಸಿದ ನೀರು

ನಮ್ಮ ಮಾಮಾನ ನಾಲಿಗೆಗೆ ರುಚಿಯೇ ಗೊತ್ತಾಗುವುದಿಲ್ಲ ಎಂದು ಮಾಮಿ ಮದುವೆಯಾದಾಗಿನಿಂದ ದೂರುತ್ತ ಬಂದಿದ್ದಾಳೆ. ಶುದ್ಧ ಸುಳ್ಳು! ಪಲ್ಯಕ್ಕೆ ಉಪ್ಪು ಬಿದ್ದಿದೆಯೋ ಇಲ್ಲವೋ ಅವನಿಗೆ ತಿಳಿಯುವುದಿಲ್ಲ, ಒಪ್ಪಿದೆ. ಆದರೆ ಬ್ಯಾಟರಿಯ ಎರಡು ತಂತಿಗಳನ್ನು ನಾಲಿಗೆಗೆ ತಾಗಿಸಿಕೊಂಡು, ಕಣ್ಣು ಮುಚ್ಚಿ, ಒಳಗೆ ಎಷ್ಟು ಕರೆಂಟ್ ಉಳಿದಿದೆ ಎಂದು ಹೇಳಬಲ್ಲ ಇನ್ನೊಂದು ನಾಲಿಗೆ ಕಾಗವಾಡದಿಂದ ನಿಪ್ಪಾಣಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಅದು ಆರು ವೋಲ್ಟಿನ ಬ್ಯಾಟರಿ ಎಂಬುದು ನಮ್ಮ ವಂಶದ ಪುಣ್ಯ.

"ಸಪ್ಪಗ ಐತಿ," ಎನ್ನುತ್ತಿದ್ದ. ಚಾರ್ಜ್ ಮಾಡಿಸಿಕೊಂಡು ಬಂದ ದಿನ, "ಹಾಂ! ಈಗ ಖಾರ ಬಂತ ನೋಡ!"

"ನನ್ನ ಜುಣಕ ಉಂಡ ಒಂದ ದಿನಾನೂ ಹಿಂಗ ಅಂದಿಲ್ಲ," ಎಂದು ಮಾಮಿ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು.

ಎಂಬತ್ತರ ದಶಕದ ಮಾತಿದು. ಅಂಕಲಿಯಲ್ಲಿ ಮಾಮಾನ ಮನೆ, ಹಿಂದೆ ಕಬ್ಬಿನ ಹೊಲ, ಮುಂದೆ ಬೇವಿನ ಗಿಡದ ಕೆಳಗೆ ಯಾರೋ ಓಡಿಸಿ ಬಿಟ್ಟಿದ್ದನ್ನು ಮಾಮಾ ಕೊಂಡು ತಂದ ಹಳೆಯ ಮೋಟರ್ ಸೈಕಲ್. ಊರವರ ಬಾಯಲ್ಲಿ ಅದು ಫಟಫಟಿ. ಬೇರೆಯವರು ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಮಾಮಾ ಎರಡು ತಂತಿ ಕಟ್ಟಿದ ಪುಟ್ಟ ಬಲ್ಬು ಇಟ್ಟುಕೊಳ್ಳುತ್ತಿದ್ದ. ಕೆಟ್ಟ ಜಾಗ ಕಂಡುಹಿಡಿಯಲು ಅದು ಬೇಕಂತೆ. ಮನುಷ್ಯರನ್ನೂ ಅವನು ಹಾಗೆಯೇ ನೋಡುತ್ತಿದ್ದ. ಕರೆದರೆ ಓಗೊಡದವನಿಗೆ ಕನೆಕ್ಷನ್ ಲೂಜು. ಸಿಟ್ಟಿನವನಿಗೆ ಶಾರ್ಟು. ನಾನು ಗಣಿತದಲ್ಲಿ ಫೇಲಾದಾಗ ಮನೆಯವರೆಲ್ಲ ಬೈದರು, ಇವನೊಬ್ಬ ಮಾತ್ರ, "ಚಾರ್ಜ್ ಆಗಾಕ ಟೈಮ್ ಬೇಕ ಬಿಡ್ರಿ," ಎಂದ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ವರ್ಷ ಮಾಮಿಯ ಕಣ್ಣು ಮಂದವಾಗತೊಡಗಿತು. ಮಿರಜದ ಡಾಕ್ಟರು, ಕಣ್ಣಿನ ನರ ಒಣಗುತ್ತಿದೆ, ನೋಟ ಅಂಚಿನಿಂದ ಕಿರಿದಾಗುತ್ತ ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಮಾಮಿ ಅಳಲಿಲ್ಲ. "ಪೂರಾ ಹೋಗೂದ್ರೊಳಗ ಒಮ್ಮಿ ಬೆಳಗೊಳದ ಗೊಮ್ಮಟನ್ನ ನೋಡಬೇಕ," ಎಂದಳು ಅಷ್ಟೇ.

ಹೋಗುವುದು ಹೇಗೆ? ಬಸ್ಸು ಸ್ಟ್ಯಾಂಡ್ ಬಿಡುವ ಮೊದಲೇ ವಾಂತಿ ಮಾಡಿಕೊಳ್ಳುವ ದೇಹ ಅವಳದು! ರೈಲಿನಲ್ಲೂ ಅದೇ ಕತೆ. ಗಾಳಿಗೆ ಮುಖ ಕೊಟ್ಟು ಕೂತರೆ ಮಾತ್ರ ಏನೂ ಆಗುತ್ತಿರಲಿಲ್ಲ. ಹೀಗಾಗಿ ಐದುನೂರು ಕಿಲೋಮೀಟರಿಗೂ ಮಿಕ್ಕಿದ ಯಾತ್ರೆಯ ಭಾರವೆಲ್ಲ ಬೇವಿನ ಗಿಡದ ಕೆಳಗಿನ ಆ ಫಟಫಟಿಯ ಮೇಲೆ ಬಿತ್ತು.

ಮೊದಲ ಸಲ ಹೊರಟಾಗ ಊರಿನ ಅರ್ಧ ಜನ ಬೀಳ್ಕೊಡಲು ಬಂದಿದ್ದರು. ಮೊದಲ ತಿರುವಿನಲ್ಲಿ ಗಾಡಿ ಎಡಕ್ಕೆ ಹೊರಳಿದ್ದೇ ತಡ, "ಪೋಂ!" ಎಂದು ಹಾರ್ನ್ ಹೊಡೆಯಿತು. ಮಾಮಾ ಒತ್ತಿರಲಿಲ್ಲ. ಮತ್ತೊಂದು ಎಡ ತಿರುವು, ಮತ್ತೊಂದು ಪೋಂ. ಹ್ಯಾಂಡಲ್ಲಿನ ಬುಡದಲ್ಲಿ ತಂತಿಯ ಸಿಪ್ಪೆ ಸವೆದು ಕಬ್ಬಿಣಕ್ಕೆ ತಾಗುತ್ತಿತ್ತಂತೆ. ಅರ್ಧ ಗೇಣು ಟೇಪು ಸುತ್ತಿದ್ದರೆ ಮುಗಿಯುತ್ತಿತ್ತು. ಆದರೆ ಕೆಟ್ಟ ಜಾಗ ಸಿಗುವ ಮೊದಲು ಮಾಮಾ ಬೇರೆ ಉಪಾಯ ಕಂಡುಕೊಂಡಿದ್ದ. ಎಡಕ್ಕೆ ತಿರುಗುವುದನ್ನೇ ಬಿಟ್ಟ! ಎಡಕ್ಕೆ ಹೋಗಬೇಕಾದಲ್ಲಿ ಮೂರು ಸಲ ಬಲಕ್ಕೆ ಹೊರಳಿ ಹೋದ. ಚಿಕ್ಕೋಡಿ ಪೇಟೆಯ ಒಂದೇ ಬಾಳೆಹಣ್ಣಿನ ಅಂಗಡಿಯನ್ನು ನಾಲ್ಕನೆಯ ಸಲ ದಾಟಿದಾಗ ಅಂಗಡಿಯವನು ಎದ್ದು ನಿಂತು, "ಏನ ಬೇಕಾಗಿತ್ರಿ ಯಜಮಾನ್ರ?" ಎಂದು ಕೇಳಿದನಂತೆ.

ಊರಾಚೆ ಹಾರ್ನ್ ಒಮ್ಮೆ ಹೊಡೆದದ್ದು ನಿಲ್ಲಲೇ ಇಲ್ಲ. ಬ್ಯಾಟರಿ ಖಾಲಿಯಾಗಿ ಎಂಜಿನ್ ನಿಂತ ಮೇಲೆಯೇ ಅದಕ್ಕೂ ಸಮಾಧಾನವಾದದ್ದು. ಸಂಜೆ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮೂವರೂ ವಾಪಸಾದರು: ಮಾಮಾ, ಮಾಮಿ, ಫಟಫಟಿ.

"ಗೊಮ್ಮಟ ಹೆಂಗಿದ್ದ ಮಾಮಿ?" ಎಂದೆ.

"ಚಿಕ್ಕೋಡಿತನಕ ಕಾಣಲಿಲ್ಲಪಾ," ಎಂದಳು.

ಎರಡನೆಯ ಸಲ ಮಾಮಾ ಬಿಗಿ ತಯಾರಿ ನಡೆಸಿದ. ರಾಯಬಾಗದ ಬ್ಯಾಟರಿ ಮಿಸ್ತ್ರಿ ಹೊಸ ಬ್ಯಾಟರಿ ಕೂರಿಸಿ, "ಕಾಕಾರ, ನೀರ ಕಡಿಮಿ ಆದ್ರ ಏಕದಮ್ ಶುದ್ಧ ನೀರ ಹಾಕ್ರಿ. ಸಾದಾ ನೀರ ಸುರುವಬ್ಯಾಡ್ರಿ," ಎಂದು ಹೇಳಿ ಕಳಿಸಿದ.

ಶುದ್ಧ ನೀರಿನ ವಿಷಯವನ್ನು ಜೈನರ ಮನೆಗೆ ಬಂದು ಹೇಳಿಕೊಡಬೇಕೆ! ಬಾವಿಯ ನೀರನ್ನು ದಪ್ಪ ಅರಿವೆಯಲ್ಲಿ ಸೋಸಿ, ಅರಿವೆಯಲ್ಲಿ ಉಳಿದ ಜೀವಗಳನ್ನು ತಿರುಗಿ ಅದೇ ಬಾವಿಗೆ ಬಿಟ್ಟು, ಆಮೇಲೆ ಕುಡಿಯುವ ಮನೆ ಅದು. ಊರಿಗೆ ಮುನಿಗಳು ಬಂದರಂತೂ ಸೋಸಿದ್ದನ್ನು ಕುದಿಸಿ, ಆರಿಸಿ, ಮುಚ್ಚಿ ಇಡುತ್ತಿದ್ದರು. ಮಾಮಾ ಮಡಿ ಉಟ್ಟು ಅದೇ ಕ್ರಮದಲ್ಲಿ ನೀರು ಸಿದ್ಧಮಾಡಿ ಬ್ಯಾಟರಿಯ ಮೂರೂ ಬಾಯಿಗೆ ಹನಿಹನಿಯಾಗಿ ಎರೆದ. ಒಳಗಿರುವುದು ಆ್ಯಸಿಡ್, ಆದರೂ ಒಂದು ಹುಳಕ್ಕೂ ಹಿಂಸೆಯಾಗಬಾರದಲ್ಲ!

ಬ್ಯಾಟರಿ ಎಂಟು ದಿನ ಒಪ್ಪೊತ್ತಿನ ಏಕಾಶನ ಮಾಡಿ ಒಂಬತ್ತನೆಯ ದಿನ, ಇವರು ಹೊರಡುವ ಮೊದಲೇ, ಮೌನವ್ರತ ಹಿಡಿಯಿತು.

"ಯಾವ ನೀರ ಹಾಕಿದ್ರಿ ಕಾಕಾರ?" ಎಂದ ಮಿಸ್ತ್ರಿ.

"ಮುನಿ ಮಹಾರಾಜರಿಗೆ ಕೊಡೂ ನೀರ."

ಮಿಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತ. "ಇದು ಮುನಿ ಅಲ್ರಿ, ಬ್ಯಾಟರಿ! ಸೋಸಿದ್ರ ಹುಳ ಹೋಗ್ತಾವ, ನೀರಾಗಿನ ಉಪ್ಪ ಎಲ್ಲಿ ಹೊಕ್ಕೈತ್ರಿ? ಬ್ಯಾಟರಿಗಂತನ ಬಾಟ್ಲಿ ನೀರ ಮಾರತಾರ, ಅದನ್ನ ಹಾಕಬೇಕ್ರಿ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮಾಮಿ ನಗಲಿಲ್ಲ. ಅಷ್ಟರಲ್ಲಿ ಅವಳು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ನಡೆಯುವಂತಾಗಿತ್ತು. ಮೂರನೆಯ ಸಲವೂ ಹೀಗೇ ಆದರೆ ಆಮೇಲೆ ಹೋಗಿ ಪ್ರಯೋಜನವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಮೂರನೆಯ ಸಲ ಹೋದವರು ಒಂಬತ್ತು ದಿನ ಬರಲಿಲ್ಲ. ಸಂಜೆ ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಸಿಕ್ಕ ಬಸದಿಯಲ್ಲಿ ತಂಗುತ್ತ, ನಿಧಾನವಾಗಿ ಹೋದರಂತೆ. ಹುಬ್ಬಳ್ಳಿ ದಾಟಿದ ಮೇಲೆ ಗಾಡಿ ಮತ್ತೆ ನಿಂತಿತ್ತು. ಮಾಮಾ ಫ್ಯೂಜು, ಪ್ಲಗ್ಗು, ಸ್ವಿಚ್ಚು ಒಂದನ್ನೂ ಬಿಡದೆ ಬಿಚ್ಚಿ ಬಿಸಿಲಿಗೆ ಹರವಿದ. ಎರಡು ತಾಸಿನ ಮೇಲೆ ಮಾಮಿ, "ನೀವು ಕಿಕ್ ಹೊಡದಾಗೆಲ್ಲ ಸೀಟಿನ ಬುಡಕ ಚಟ್ ಅಂತೈತಿ. ಅಲ್ಲೊಂದೀಟ ಕೈ ಹಾಕ್ರಲ್ಲ," ಎಂದಳು. ಬ್ಯಾಟರಿಯಿಂದ ಚೌಕಟ್ಟಿಗೆ ಬರುವ ತಂತಿಯ ಬೋಲ್ಟು ಸಡಿಲಾಗಿತ್ತು. ಕಣ್ಣು ಮಂದವಾದವಳು ಕಿವಿಯಿಂದ ಕಂಡುಹಿಡಿದಿದ್ದಳು.

"ಗೊಮ್ಮಟನ್ನ ನೋಡಿದ್ಯಾ?" ಎಂದೆ, ಬಂದ ಮೇಲೆ.

"ನೋಡಿದೆ. ಒಮ್ಮಿಗೇ ಕಾಣಲಿಲ್ಲ. ಮೊದಲ ಪಾದ, ಆಮ್ಯಾಲ ಬಳ್ಳಿ, ಕೈ, ಕಡೀಕ ಮಾರಿ. ತುಣುಕು ತುಣುಕು ನೋಡಿ ಜೋಡಿಸಿಕೊಂಡೆ."

"ಮಾಮಾ ಏನ ಮಾಡಾಕತ್ತಿದ್ದ?"

"ಸಿಡಿಲ ಬಡಿದ್ರ ಗೊಮ್ಮಟಗ ಅರ್ಥಿಂಗ್ ಎಲ್ಲೈತಿ ಅಂತ ಪೂಜಾರ್ನ ಕೇಳಾಕತ್ತಿದ್ರ!"

ಮುಂದಿನ ತಿಂಗಳು ಮಿರಜಕ್ಕೆ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ. ಒಂದು ಕಣ್ಣು ಮುಗಿದಂತೆಯೇ, ಇನ್ನೊಂದೂ ಬಹಳ ದಿನ ಬರುವುದಿಲ್ಲ ಎಂದರು ಡಾಕ್ಟರು. ಮಾಮಾ ಮಾಮಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಮತ್ತೆ ಒಳಗೆ ಹೋದ. ಏನೋ ಮರೆತು ಬಂದಿರಬೇಕೆಂದು ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

"ಸಾಹೇಬ್ರ," ಎನ್ನುತ್ತಿದ್ದ ಮಾಮಾ, "ನನ್ನವು ಎರಡೂ ಚಲೋ ಅದಾವ್ರಿ. ಒಂದನ್ನ ನರದ ಸಮೇತ ತಗದ ಆಕಿಗೆ ಜೋಡಿಸಾಕ ಬರ್ತೈತೇನ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. "ಹಂಗ ಜೋಡಿಸಾಕ ಬರೂದಿಲ್ರಿ," ಎಂದರು ಮೆಲ್ಲಗೆ. "ಬಂದಿದ್ರೂ, ಒಂದ ಕಣ್ಣಾಗ ನೀವ ಹೆಂಗ ಮಾಡ್ತಿದ್ರಿ?"

"ಅದಕ್ಕೇನ್ರಿ," ಎಂದ ಮಾಮಾ. "ಫಟಫಟಿಗೆ ದೀಪ ಒಂದ ಇರ್ತೈತ್ರಿ. ಇಬ್ರನ್ನೂ ಊರ ಮುಟ್ಟಸ್ತೈತಿ."