ಸುಕುಮಾರನ ಗೆರೆ, ಜೆರೋಮನ ಸಿಗಡಿ

ಊರಿನಿಂದ ಪಾರ್ಸೆಲ್ ಬಂದರೆ ಪರಿಚಯದವರಿಗೆ ಪಾಲು ಕೊಡಬೇಕೆಂಬ ಪದ್ಧತಿಯೇ ಜೆರೋಮನಿಗೆ ಮುಳುವಾಯಿತು.

"ಒಣಸಿಗಡಿ ಉಂಟು, ಸುಕುಮಾರನವರಿಗೆ ಕೊಡಿ." ಕೊಲ್ಲಿ ನಾಡಿನ ಮೈದಾನ್ ಹವಲ್ಲಿಯ ಫ್ಲ್ಯಾಟಿನ ಬಾಗಿಲಲ್ಲಿ ಹೆಂಡತಿ ಡೊರೊತಿ ಪೊಟ್ಟಣ ಚಾಚಿದಳು. "ಅವರ ಹೆಂಡತಿ ಮೋಹಿನಿ ಹಲಸಿನ ಹಪ್ಪಳ ಕೊಟ್ಟಿದ್ದಳಲ್ಲ, ನಾವು ಸುಮ್ಮನೆ ಇರ್ಲಿಕ್ಕಾಗ್ತದಾ?"

ಸುಕುಮಾರ! ಆ ಹೆಸರು ಕೇಳಿದರೇ ಜೆರೋಮನ ಹೊಟ್ಟೆಯಲ್ಲಿ ಸಾಸಿವೆ ಸಿಡಿಯುತ್ತಿತ್ತು. ಇಬ್ಬರೂ ಒಂದೇ ಪ್ರಯೋಗಾಲಯದ ಗುತ್ತಿಗೆ ನೌಕರರು. ಖಾಯಂ ಆಗುವುದು ಒಬ್ಬನೇ, ಇವತ್ತೇ ತೀರ್ಮಾನ.

ಅವರ ಕೆಲಸ ಇಂಗಾಲದ ನ್ಯಾನೊ ನಳಿಕೆಗಳಲ್ಲಿ ಹರಿಯುವ ಕರೆಂಟು ಅಳೆಯುವುದು. ಕೂದಲನ್ನು ಸಾವಿರಾರು ಸೀಳು ಮಾಡಿದಷ್ಟು ಸಣ್ಣ ನಳಿಕೆಗಳು. ಸುತ್ತಲಿನ ಗಾಳಿಯ ಯಾವುದೋ ಅನಿಲ ಮೈಗೆ ಅಂಟಿದರೆ ಸಾಕು, ಕರೆಂಟು ಏರುತ್ತದೆ, ಇಲ್ಲವೇ ಇಳಿಯುತ್ತದೆ. ಥೇಟ್ ಜೆರೋಮನ ಮುಖದಂತೆ. ಪಕ್ಕದವರ ಒಳ್ಳೆಯ ಸುದ್ದಿ ತಾಗಿದರೆ ಅದೂ ಇಳಿಯುತ್ತಿತ್ತು. ಅತ್ತರು ಹಚ್ಚಿದವರು ಹಾದುಹೋದರೆ ಜೆರೋಮನ ಯಂತ್ರದ ಪರದೆಯಲ್ಲಿ ಕರೆಂಟು ತೋರಿಸುವ ಗೆರೆ ಕುಡುಕನಂತೆ ತೂರಾಡುತ್ತಿತ್ತು. ಸುಕುಮಾರನದು ಮಾತ್ರ ಮೊದಲ ದಿನ ಶಾಲೆಗೆ ಹೊರಟವಳ ಬೈತಲೆಯಷ್ಟು ನೇರ.

ಪ್ರಯೋಗಾಲಯದಲ್ಲಿ ಸುಕುಮಾರ ಚಹಾಕ್ಕೆ ಹೋದದ್ದೇ ತಡ, ಜೆರೋಮ್ ಪೊಟ್ಟಣ ಬಿಚ್ಚಿ, ಅವನ ಯಂತ್ರ ಗಾಳಿ ಎಳೆಯುವ ಕೊಳವೆಯ ಬಾಯಿಗೇ ಇಟ್ಟ. ಗೆರೆ ಜಾರಿತು. ಜೆರೋಮನ ಎದೆ ಹಗುರಾಯಿತು.

ಅಷ್ಟರಲ್ಲಿ ಮುಖ್ಯಸ್ಥ ಅಹ್ಮದ್ ಬಾವಾ ಒಳಗೆ ಬಂದರು; ಹಿಂದೆಯೇ ಸುಕುಮಾರ.

"ಎಂತ ಮಾರಾಯ, ನಿನ್ನ ಗೆರೆ ಬಿದ್ದುಹೋಗಿದೆ?"

ಸುಕುಮಾರ ಬಿಳಿಚಿಕೊಂಡ. ಬಾವಾ ಮೂಗರಳಿಸಿ ಪೊಟ್ಟಣ ಪತ್ತೆಹಚ್ಚಿದರು. ದೂರ ಹಿಡಿದರು, ಗೆರೆ ಮೆಲ್ಲನೆ ಎದ್ದಿತು. ಹತ್ತಿರ ತಂದರು, ಬಿತ್ತು.

"ಯಾ ಅಲ್ಲಾ! ಅತ್ತರಿಗೆ ಜಗ್ಗದ್ದು ಮೀನಿನ ವಾಸನೆಗೆ ಮಾತ್ರ ಬಗ್ಗುತ್ತದೆ! ಕೆಟ್ಟ ಮೀನು ಕಂಡುಹಿಡಿಯುವ ಯಂತ್ರಕ್ಕೆ ನಾವು ಎಷ್ಟು ಕಾಲದಿಂದ ಒದ್ದಾಡ್ತಾ ಇದ್ದೇವೆ! ಶಾಬಾಶ್ ಸುಕುಮಾರ, ನೀನೇ ಖಾಯಂ!"

ಜೆರೋಮನಿಗೆ ತಡೆಯಲಾಗಲಿಲ್ಲ. "ಸರ್, ಅಲ್ಲಿ ಇಟ್ಟದ್ದು ನಾನು! ಸಿಗಡಿ ನಂದು!"

"ನಿಮ್ಮದು ಹೇಗೆ ಜೆರೋಮಣ್ಣ?" ಸುಕುಮಾರನ ಮುಖಕ್ಕೆ ರಕ್ತ ಮರಳಿತ್ತು. "ಡೊರೊತಿಯಕ್ಕ ನನಗೇ ಕಳಿಸಿದ್ದಂತೆ. ಮೋಹಿನಿ ಈಗಷ್ಟೇ ಫರ್ವಾನಿಯಾದ ಮನೆಯಿಂದ ಫೋನ್ ಮಾಡಿದ್ದಳು."

"ಹಾಗಾದರೆ ಸಿಗಡಿಯೂ ಸುಕುಮಾರನದೇ, ಖಲಾಸ್!" ಎಂದರು ಬಾವಾ. "ಜೆರೋಮ್, ನಾಳೆಯೂ ಸ್ವಲ್ಪ ತಾ."

ಸಂಜೆ ಡೊರೊತಿ ಬಾಗಿಲಲ್ಲೇ ಕೇಳಿದಳು: "ಕೊಟ್ಟಿರಾ? ಅವರಿಗೆ ಹಿಡಿಸಿತಾ?"

ಜೆರೋಮ್ ಬೂಟು ಬಿಚ್ಚುತ್ತ ಹೇಳಿದ: "ಹಿಡಿಸಿದ್ದೇನು, ಖಾಯಂ ಆಯ್ತು."