ಊದದ ತೋಳು

ಪಕ್ಕದ ಮನೆಯಲ್ಲಿ ಪ್ಲೇಗಿನ ಇಲಿ ಬಿದ್ದದ್ದೇ ತೋವಿನಕೆರೆಯ ಸ್ಕೂಲ್ ಮೇಷ್ಟ್ರು ಮರುಳಸಿದ್ದಯ್ಯನವರು ಮಧುಗಿರಿಗೆ ಹೋಗಿ ಸೂಜಿ ಚುಚ್ಚಿಸಿಕೊಂಡು, ಊರಿಗೂ ಒಬ್ಬ ಡಾಕ್ಟರನ್ನು ಕಳಿಸಿ ಎಂದು ಅಂಗಲಾಚಿ ಬಂದರು. ಅದೇ ತಪ್ಪಾಯಿತು. ಮರುದಿನ ಡಾಕ್ಟರು ಬರುವ ಹೊತ್ತಿಗೆ ಮೇಷ್ಟ್ರ ಎಡತೋಳು ಸೋರೆಕಾಯಿಯಂತೆ ಊದಿ, ಮೈ ಕಾದ ಹೆಂಚಾಗಿತ್ತು.

ಚಾವಡಿಯ ಮುಂದೆ ಕಂಬಳಿ ಹೊದ್ದು ನಿಂತು, "ತೋಳು ಊದತ್ತೆ, ಜ್ವರ ಬರತ್ತೆ. ಆದ್ರೆ ಪ್ರಾಣ ಉಳಿಯತ್ತೆ," ಎಂದರು. ಹಲ್ಲು ಕಟಕಟ ಎಂದಿತು.

"ಇವ್ರನ್ನ ನೋಡಿದ್ರೆ ಪ್ಲೇಗೇ ವಾಸಿ ಕಣ್ಲಾ!" ಎಂದ ಕುರಿಯ ಕ್ಯಾತಣ್ಣ. ಜನ ನಗುತ್ತ ಚದುರತೊಡಗಿದರು. ಮೇಷ್ಟ್ರ ಹೆಂಡತಿ ಸಿದ್ದಗಂಗಮ್ಮನೇ ಎಲ್ಲರಿಗಿಂತ ಮುಂದೆ.

ಗಾಬರಿಯಲ್ಲಿ ಮೇಷ್ಟ್ರು ಬಾಯಿ ಜಾರಿ ಅಂದುಬಿಟ್ಟರು: "ಅಡವಯ್ಯನವರೂ ನನ್ ಜೊತೆ ಬಂದಿದ್ರು. ಸೂಜಿ ನೋಡಿ ಓಡಿಹೋದ್ರು. ನೀವಾದ್ರೂ ಓಡ್ಬೇಡಿ!"

ಅಡವಯ್ಯ ದನದ ದಲ್ಲಾಳಿ. ಕುರುಡು ಎತ್ತನ್ನು 'ಕಣ್ಣು ಮುಚ್ಕೊಂಡೂ ಮನೆ ಸೇರೋ ಜಾಣ' ಎಂದು ಮಾರಿದವನು. ಚಾವಡಿಯ ಜಗಲಿ ಹತ್ತಿ ಅಂಗಿಯ ತೋಳೇರಿಸಿದ.

"ಓಡಿದ್ದು ಯಾರು ಅಂತ ಹೇಳ್ಬಾರ್ದು ಅಂದ್ಕೊಂಡಿದ್ದೆ ಕಣ್ರಪ್ಪ. ಓದಿದೋರು, ಮಾನ ಹೋಗ್ತದೆ. ಓಡೋವಾಗ ಬಿದ್ದು ತೋಳು ಊದುಸ್ಕೊಂಡವ್ರೆ. ಅದು ಹೆದರಿಕೆ ಜ್ವರ! ಚುಚ್ಚುಸ್ಕೊಂಡೋನು ನಾನು. ನೋಡಿ, ಸೊಳ್ಳೆ ಕಚ್ಚಿದಷ್ಟಾದ್ರೂ ಗುರುತೈತಾ? ಮಕ್ಳುಮರಿ ಮೊಕ ನೋಡ್ಕೊಂಡು ನೀವೇ ಹೇಳಿ, ಇಷ್ಟಕ್ಕೆಲ್ಲ ಹೆದ್ರುತಾರಾ?"

ಅವನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರು.

ಗಳಿಗೆಯಲ್ಲಿ ಊರೇ ಡಾಕ್ಟರ ಮುಂದೆ ಸಾಲು ನಿಂತಿತು. ಮೇಷ್ಟ್ರನ್ನೂ ಹಿಡಿದೆಳೆದು ತಂದರು. "ನಾನಾಗ್ಲೇ..." ಎನ್ನಹೊರಟವರಿಗೆ, ಹಿಂದೆಯೇ ರವಿಕೆಯ ತೋಳು ಮಡಿಸಿ ನಿಂತಿದ್ದ ಸಿದ್ದಗಂಗಮ್ಮ ಕಂಡಳು. ನಿಜ ಹೇಳಿದರೆ ಮೊದಲು ಓಡುವವಳು ಅವಳೇ. ಮೇಷ್ಟ್ರು ಬಾಯಿ ಮುಚ್ಚಿ, ಬಲತೋಳು ಚಾಚಿದರು.

"ಮೇಷ್ಟ್ರಿಗೂ ಧೈರ್ಯ ತುಂಬ್ಬುಟ್ಟ ಅಡವಯ್ಯ!" ಎಂದು ಜನ ಹೊಗಳಿದರು.

ದೀಪ ಹಚ್ಚುವ ಹೊತ್ತಿಗೆ ಊರಿಗೆ ಊರೇ ಊದಿದ ತೋಳು ಹಿಡಿದು, ಜ್ವರದಲ್ಲಿ ನರಳುತ್ತ, ಮೇಷ್ಟ್ರ ಬಾಗಿಲಿಗೆ ಬಂತು. ಎಲ್ಲರ ಮುಂದೆ, ನೆಟ್ಟಗೆ, ಅಡವಯ್ಯ.

"ನಾನು ಚುಚ್ಚುಸ್ಕೊಂಡಿದ್ದು ಆಸ್ಪತ್ರೆ ಔಷ್ದಿ. ಅದು ಚಿನ್ನ. ಈ ಡಾಕ್ಟ್ರನ್ನ ಊರಿಗೆ ಕರೆಸಿದೋರು ಯಾರು? ಅದನ್ನ ಕೇಳಿ ಮೊದ್ಲು!"

ಎರಡೂ ತೋಳು ಎತ್ತಲಾಗದೆ ಮಲಗಿದ್ದ ಮೇಷ್ಟ್ರು, "ಅವ್ನು ಚುಚ್ಚಿಸ್ಕೊಂಡೇ ಇಲ್ಲ..." ಎಂದು ತೊದಲಿದರು.

ಸಿದ್ದಗಂಗಮ್ಮ ತನ್ನ ತೋಳಿಗೆ ಬಿಸಿಬಟ್ಟೆ ಒತ್ತಿಕೊಳ್ಳುತ್ತ ಗದರಿದಳು:

"ನೀವೊಸಿ ಸುಮ್ಕಿರಿ ಅಂದ್ರೆ. ಅಡವಯ್ಯನೋರು ಏನೋ ಹೇಳ್ತಾವ್ರೆ, ಕೇಳಾಣ."